ಕುಂಡದ ಕಿರು ರಸಸಸ್ಯಗಳು: ಸವರುವ ಕ್ರಮ ಮತ್ತು ಆರೈಕೆ

ಎಲೆಯಲ್ಲಿಯೋ ಕಾಂಡದಲ್ಲಿಯೋ ಬೇರಿನಲ್ಲಿಯೋ ನೀರನ್ನು ಕೂಡಿಟ್ಟುಕೊಂಡು ಮಳೆಯಿಲ್ಲದ ತಿಂಗಳುಗಳನ್ನು ದಾಟುವ ಸಸ್ಯಗಳಿಗೆ ರಸಸಸ್ಯಗಳೆಂದು ಹೆಸರು. ನಮ್ಮ ನಾಡಿನವರಿಗೆ ಈ ಜಾತಿ ಹೊಸದಲ್ಲ. ಹಿತ್ತಲಿನ ಲೋಳೆಸರ, ಹೊಲದ ಬದುವಿನ ಕಳ್ಳಿ, ಬೇಲಿಗೆ ಹಬ್ಬಿದ ಮಂಗರವಳ್ಳಿ, ಮನೆಮದ್ದಿಗೆಂದು ಬೆಳೆಸಿದ ಕಾಡುಬಸಳೆ ಇವೆಲ್ಲವೂ ಇದೇ ಸ್ವಭಾವದವು. ಆದರೆ ಅಂಗೈಯಗಲದ ಕುಂಡಗಳಲ್ಲಿ ಬೆಳೆಸುವ ಪರದೇಶದ ಕಿರು ರಸಸಸ್ಯಗಳು ಈಚಿನ ವರ್ಷಗಳಲ್ಲಿ ನಮ್ಮ ಮನೆ, ಕಚೇರಿ ಹಾಗೂ ಶಾಲೆಗಳನ್ನು ಪ್ರವೇಶಿಸಿವೆ. ಸಭೆ ಸಮಾರಂಭಗಳಲ್ಲಿ ಹಾರ ತುರಾಯಿಗಳ ಬದಲಾಗಿ ಸಸಿಯ ಕುಂಡವನ್ನು ಕೊಟ್ಟು ಗೌರವಿಸುವ ಒಳ್ಳೆಯ ರೂಢಿಯೂ ಬೆಳೆದಿದೆ. ಹಾಗೆ ಕೊಡುವ ಕುಂಡಗಳಲ್ಲಿ ಅನೇಕವು ಈ ಬಗೆಯವೇ ಆಗಿರುತ್ತವೆ.

ಹಾರ ಸಂಜೆಗೆ ಬಾಡುತ್ತದೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಕುಂಡದ ಗಿಡ ಹಾಗಲ್ಲ. ಅದು ಬದುಕಲೆಂದೇ ಕೊಟ್ಟ ಕಾಣಿಕೆ. ಆದರೂ ಶಾಲೆಯ ಪಡಸಾಲೆಯಲ್ಲಿ ಸಾಲಾಗಿಟ್ಟ ಇಂಥ ಕುಂಡಗಳನ್ನು ಆರು ತಿಂಗಳ ತರುವಾಯ ನೋಡಿದರೆ ಕೆಲವು ಕೊಳೆತಿರುತ್ತವೆ. ಕೆಲವು ಕತ್ತು ನೀಳವಾಗಿ ಒಂದು ಕಡೆಗೆ ವಾಲಿರುತ್ತವೆ. ಮತ್ತೆ ಕೆಲವು ಬುಡದಲ್ಲಿ ಒಣಗಿದ ಎಲೆಗಳ ರಾಶಿಯನ್ನೂ ಸಂದುಗಳಲ್ಲಿ ಬಿಳಿಯ ಹಿಟ್ಟಿನಂಥ ಕೀಟಗಳನ್ನೂ ಹೊತ್ತುಕೊಂಡಿರುತ್ತವೆ. ಇದಕ್ಕೆ ಉಪೇಕ್ಷೆಯೊಂದೇ ಕಾರಣವಲ್ಲ. ಬಹುಮಟ್ಟಿಗೆ ದಿನವೂ ನೀರೆರೆಯುವ ಅತಿಪ್ರೀತಿಯೂ, ಕತ್ತರಿಯನ್ನು ಮುಟ್ಟಿಸಲು ಅಂಜುವ ಮರುಕವೂ ಕಾರಣವಾಗಿರುತ್ತವೆ. ದಿನವೂ ಆ ಮಾರ್ಗವಾಗಿ ತರಗತಿಗೆ ಹೋಗುವ ಬಾಲಕರು ಕಾಣಿಕೆಯೊಂದು ಮೆಲ್ಲಮೆಲ್ಲನೆ ಸಾಯುವುದನ್ನು ನೋಡುತ್ತಿರುತ್ತಾರೆ. ಅವರು ಅದರಿಂದ ಕಲಿಯುವ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇರುವುದಿಲ್ಲ, ಆದರೆ ಮನಸ್ಸಿನಲ್ಲಿ ಉಳಿಯುತ್ತದೆ. ಈ ಕಾರಣದಿಂದ ಕಿರು ರಸಸಸ್ಯಗಳನ್ನು ಸವರುವ ಹಾಗೂ ಓರಣವಾಗಿಡುವ ಕ್ರಮವನ್ನು ತಕ್ಕಮಟ್ಟಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತವರು ಮತ್ತು ಜೀವನಕ್ರಮ

ಗಿಡವನ್ನು ಕತ್ತರಿಸುವ ಮೊದಲು ಅದು ಎಲ್ಲಿಯದು, ಹೇಗೆ ಬದುಕುತ್ತದೆ ಎಂಬುದನ್ನು ಅರಿಯುವುದು ಲೇಸು. ಗುಲಾಬಿ ಹೂವಿನಂತೆ ಎಲೆಗಳನ್ನು ಸುತ್ತುಸುತ್ತಾಗಿ ಜೋಡಿಸಿಕೊಂಡಿರುವ ಎಖೆವೇರಿಯ ಮುಖ್ಯವಾಗಿ ಮೆಕ್ಸಿಕೋ ದೇಶದ ಬೆಟ್ಟಗಾಡಿನದು. ಮೆಕ್ಸಿಕೋದ ಸಸ್ಯಚಿತ್ರಕಾರ ಅತನಾಸಿಯೊ ಎಖೆವೆರಿಯಾ ಅವರ ಗೌರವಾರ್ಥವಾಗಿ 1828ರಲ್ಲಿ ಈ ಕುಲಕ್ಕೆ ಆ ಹೆಸರಾಯಿತು. ದಪ್ಪನೆಯ ಅಂಡಾಕಾರದ ಎಲೆಗಳ ಕ್ರಾಸುಲ, ಪಟ್ಟೆಪಟ್ಟೆಯ ಮೊನಚೆಲೆಯ ಹವೋರ್ತಿಯ, ಬೆಣಚುಕಲ್ಲಿನಂತೆಯೇ ಕಾಣುವ ಲಿಥಾಪ್ಸ್ ಇವು ಆಫ್ರಿಕ ಖಂಡದ ದಕ್ಷಿಣ ತುದಿಯವು. ಅಲ್ಲಿನ ಕರೂ ಎಂಬ ಒಣಭೂಮಿಯು ಜಗತ್ತಿನ ರಸಸಸ್ಯಗಳ ದೊಡ್ಡ ಭಂಡಾರ. ನಮ್ಮ ಸಸ್ಯಮಾರಾಟಗಾರರು ಜೇಡ್ ಎಂದು ಕೊಡುವ ಚಿಕ್ಕೆಲೆಯ ಗಿಡ ಬಹುತೇಕ ಪೋರ್ಚುಲಕೇರಿಯ ಆಫ್ರ ಎಂಬುದಾಗಿರುತ್ತದೆ. ನಿಜವಾದ ಜೇಡ್ ಗಿಡ ದೊಡ್ಡೆಲೆಯ ಕ್ರಾಸುಲ ಓವೇಟ. ಎರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು, ಎರಡರ ತವರೂ ದಕ್ಷಿಣ ಆಫ್ರಿಕ. ಅದೃಷ್ಟವಶಾತ್ ಇವೆರಡನ್ನೂ ಸವರುವ ರೀತಿ ಒಂದೇ.

ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಪಡೆಯುತ್ತವೆ. ಅದೇ ಬಾಗಿಲಿನಿಂದ ಅವುಗಳ ನೀರು ಆವಿಯಾಗಿ ಹೊರಹೋಗುತ್ತದೆ. ರಸಸಸ್ಯಗಳಲ್ಲಿ ಅನೇಕವು ಈ ನಷ್ಟವನ್ನು ತಪ್ಪಿಸಲು ಬೇರೊಂದು ಉಪಾಯವನ್ನು ಕಂಡುಕೊಂಡಿವೆ. ತಂಪಾದ ರಾತ್ರಿಯಲ್ಲಿ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಹಗಲಾದೊಡನೆ ರಂಧ್ರಗಳನ್ನು ಮುಚ್ಚಿ, ಕೂಡಿಟ್ಟ ಆಮ್ಲವನ್ನು ಒಡೆದು, ಸೂರ್ಯನ ಬೆಳಕಿನಲ್ಲಿ ಆಹಾರವನ್ನು ತಯಾರಿಸಿಕೊಳ್ಳುತ್ತವೆ.

ಈ ರಹಸ್ಯದ ಒಂದು ಎಳೆ ಮೊದಲು ದೊರೆತುದು ನಮ್ಮ ಕಾಡುಬಸಳೆಯ ಎಲೆಯಿಂದ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬೆಂಗಳೂರಿನ ಲಾಲಬಾಗಿನ ಉಸ್ತುವಾರಿಯನ್ನು ನೋಡಿಕೊಂಡಿದ್ದ ಜರ್ಮನ್ ಮೂಲದ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಮುಂಜಾನೆ ಅದು ಹುಳಿಯಾಗಿತ್ತು, ಮಧ್ಯಾಹ್ನದ ಹೊತ್ತಿಗೆ ರುಚಿಯಿಲ್ಲದಂತಾಗಿತ್ತು, ಸಂಜೆಯ ಕಡೆಗೆ ತುಸು ಕಹಿಯಾಗಿತ್ತು. ಅವರು ಬರೆದು ಕಳಿಸಿದ ಈ ವೀಕ್ಷಣೆ ಲಂಡನ್ನಿನ ಲಿನೇಯನ್ ಸಂಘದ ಪತ್ರಿಕೆಯಲ್ಲಿ 1815ರಲ್ಲಿ ಅಚ್ಚಾಯಿತು. ನಾಲಿಗೆಯೊಂದನ್ನೇ ಉಪಕರಣವನ್ನಾಗಿ ಮಾಡಿಕೊಂಡು ನಡೆಸಿದ ಈ ಪ್ರಯೋಗ ಸಸ್ಯಶಾಸ್ತ್ರದ ಇತಿಹಾಸದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಕಾಡುಬಸಳೆಯು ಕ್ರಾಸುಲೇಸಿ ಎಂಬ ಕುಟುಂಬಕ್ಕೆ ಸೇರಿರುವುದರಿಂದ ಈ ಇಡೀ ಜೀವನಕ್ರಮಕ್ಕೆ ಆ ಕುಟುಂಬದ ಹೆಸರೇ ನಿಂತಿದೆ.

ಸವರುವವನಿಗೆ ಈ ವಿಷಯ ಏಕೆ ಬೇಕು? ಏಕೆಂದರೆ ಕೆಲಸದ ನಿಯಮಗಳೆಲ್ಲವೂ ಇದರಿಂದಲೇ ಹುಟ್ಟುತ್ತವೆ. ನೀರನ್ನು ಮಿತವಾಗಿ ಬಳಸುವ ಗಿಡದ ತುಂಡು ಬೇರಿಲ್ಲದೆಯೂ ವಾರಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು. ಆದುದರಿಂದ ಕತ್ತರಿಸಿದ ಗಾಯವನ್ನು ಒಣಗಿಸಲು ನಮಗೆ ಅವಕಾಶವುಂಟು. ಅದೇ ಗಿಡದ ಒಡಲಲ್ಲಿ ರಸ ತುಂಬಿರುವುದರಿಂದ ಹಸಿಗಾಯಕ್ಕೆ ನೀರು ತಗುಲಿದರೆ ಶಿಲೀಂಧ್ರಗಳು ಬೇಗನೆ ಒಳನುಗ್ಗಿ ಕೊಳೆಸುತ್ತವೆ. ಒಣಗಲು ಬಿಟ್ಟವನು ಗೆಲ್ಲುತ್ತಾನೆ, ಅವಸರಪಟ್ಟವನು ಸೋಲುತ್ತಾನೆ. ಇದು ಈ ವಿದ್ಯೆಯ ಸಾರ.

ಸವರುವುದೇಕೆ?

ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಪ್ರಶ್ನೆಯನ್ನು ಕೇಳಬೇಕಾಗಿಯೇ ಇಲ್ಲ. ಏಪ್ರಿಲ್ಲಿನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು ಚಾಟ್ನಿ ಮಾಡದೆ ಅವರ ತೋಟದಲ್ಲಿ ಫಲವಿಲ್ಲ. ಮೊದಲನೆಯದು ಕಡ್ಡಿಯ ಬೆಳವಣಿಗೆಗೆ, ಎರಡನೆಯದು ಹಣ್ಣಿಗೆ. ಮನೆಯೊಳಗೆ ಇದಕ್ಕಿಂತ ಹತ್ತಿರದ ಉದಾಹರಣೆಯೆಂದರೆ ದೊಡ್ಡಪತ್ರೆ. ಚಟ್ನಿಗೆಂದೋ ತಂಬುಳಿಗೆಂದೋ ಮನೆಯಾಕೆ ದಿನವೂ ಕುಡಿ ಚಿವುಟುವ ದೊಡ್ಡಪತ್ರೆಯ ಗಿಡ ಪೊದೆಯಾಗಿ ತುಂಬಿಕೊಳ್ಳುತ್ತದೆ. ಯಾರೂ ಮುಟ್ಟದ ಗಿಡ ಬರಿ ಕಡ್ಡಿಯಾಗಿ ನೀಳಗೊಂಡು ನೆಲಕ್ಕೆ ಬೀಳುತ್ತದೆ.

ಇದಕ್ಕೆ ಕಾರಣ ಸರಳವಾದುದು. ಪ್ರತಿಯೊಂದು ಕೊಂಬೆಯ ತುದಿಮೊಗ್ಗು ಆಕ್ಸಿನ್ ಎಂಬ ಚೋದಕವನ್ನು ಉತ್ಪಾದಿಸಿ ಕೆಳಗೆ ಹರಿಸುತ್ತದೆ. ಆ ಹರಿವು ಇರುವವರೆಗೆ ಪಕ್ಕದ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಜಾತಿಯ ಗಿಡವೊಂದರ ತುದಿಯನ್ನು ಕತ್ತರಿಸಿ, ಆ ಸ್ಥಳದಲ್ಲಿ ಆಕ್ಸಿನ್ನನ್ನು ಇಟ್ಟು ನೋಡಿದರು. ತುದಿಯಿಲ್ಲದಿದ್ದರೂ ಪಕ್ಕದ ಮೊಗ್ಗುಗಳು ಮೇಲೇಳಲಿಲ್ಲ. ಹೀಗೆ ತುದಿಯ ಪ್ರಭುತ್ವಕ್ಕೆ ಆಧಾರವೇನೆಂಬುದು ತಿಳಿಯಿತು. ಕುಡಿಯನ್ನು ತೆಗೆದಾಗ ಆ ಪ್ರಭುತ್ವ ಮುರಿದು, ಕೆಳಗಿನ ಮೊಗ್ಗುಗಳಿಗೆ ಅವಕಾಶ ದೊರೆಯುತ್ತದೆ. ಗಿಡಕ್ಕೆ ಆಗುವುದು ಕೇವಲ ನಷ್ಟವಲ್ಲ, ಶಕ್ತಿಯ ಮರುಹಂಚಿಕೆ.

ಹಾಗೆಂದು ಎಲ್ಲ ಕತ್ತರಿಕೆಯೂ ಹಿತವಲ್ಲ. ಇದನ್ನು ಪೋರ್ಚುಲಕೇರಿಯ ಗಿಡದ ತವರೇ ತೋರಿಸಿಕೊಡುತ್ತದೆ. ದಕ್ಷಿಣ ಆಫ್ರಿಕದ ಪೂರ್ವ ಕೇಪ್ ಪ್ರಾಂತದಲ್ಲಿ ಈ ಗಿಡ ಆಳೆತ್ತರವನ್ನೂ ಮೀರಿ ಪೊದೆಗಾಡಾಗಿ ಬೆಳೆಯುತ್ತದೆ. 1931ರಲ್ಲಿ ಸ್ಥಾಪಿತವಾದ ಆಡೊ ಆನೆಗಳ ರಾಷ್ಟ್ರೀಯ ಉದ್ಯಾನ ಇರುವುದು ಅಲ್ಲಿಯೇ. ಆನೆಗಳು ಈ ಗಿಡವನ್ನು ಬಲು ಇಷ್ಟದಿಂದ ಮೇಯುತ್ತವೆ. ಆದರೆ ಆನೆ ಮೇಯುವುದು ಮೇಲಿನಿಂದ. ತುದಿಗಳು ಹೋಗುತ್ತವೆ, ನೆಲಕ್ಕೆ ತಾಗಿದ ಕೆಳಗಿನ ಕೊಂಬೆಗಳು ಉಳಿಯುತ್ತವೆ. ಅವು ಅಲ್ಲಿಯೇ ಬೇರು ಬಿಟ್ಟು ಪೊದೆಯನ್ನು ವಿಸ್ತರಿಸುತ್ತವೆ. ಅದೇ ಪ್ರದೇಶದಲ್ಲಿ ಮನುಷ್ಯರು ಸಾಕಿದ ಮೇಕೆಗಳು ಮೇಯುವುದು ಕೆಳಗಿನಿಂದ. ನೆಲಕ್ಕೆ ತಾಗಿದ ಕೊಂಬೆಗಳೇ ಮೊದಲು ಹೋಗುತ್ತವೆ. ಗಿಡ ಕೊಡೆಯ ಆಕಾರ ತಳೆಯುತ್ತದೆ. ಬುಡಕ್ಕೆ ನೆರಳಿಲ್ಲದೆ ಮಣ್ಣು ಕಾಯುತ್ತದೆ. ಹೊಸ ಬೇರುಗಳಿಗೆ ಆಸ್ಪದವಿಲ್ಲದೆ ಗಿಡ ಕ್ರಮೇಣ ಸಾಯುತ್ತದೆ. ಮೇಕೆಗಳ ಅತಿಮೇವಿನಿಂದ ಅಲ್ಲಿ ವಿಶಾಲವಾದ ಪೊದೆಗಾಡುಗಳು ಬರಡಾಗಿವೆ. ಆನೆಯ ಹಸಿವು ಮೇಕೆಯ ಹಸಿವಿಗಿಂತ ಕಡಿಮೆಯೇನಲ್ಲ. ವ್ಯತ್ಯಾಸವಿರುವುದು ಏನನ್ನು ತೆಗೆಯುತ್ತದೆ, ಏನನ್ನು ಉಳಿಸುತ್ತದೆ ಎಂಬುದರಲ್ಲಿ. ಕತ್ತರಿ ಹಿಡಿದವನು ಆನೆಯ ರೀತಿಯನ್ನು ಅನುಸರಿಸಬೇಕು, ಮೇಕೆಯ ರೀತಿಯನ್ನಲ್ಲ.

ಕಾಲ ಮತ್ತು ಉಪಕರಣ

ನಮ್ಮ ಹವೆಯಲ್ಲಿ ಈ ಕೆಲಸಕ್ಕೆ ಯೋಗ್ಯವಾದ ಕಾಲ ಮಳೆ ಹಿಂದೆಗೆದ ಅಕ್ಟೋಬರಿನಿಂದ ಫೆಬ್ರುವರಿಯವರೆಗೆ. ಆಗ ಗಾಳಿ ಒಣಗಿರುತ್ತದೆ, ಬಿಸಿಲು ಹದವಾಗಿರುತ್ತದೆ, ಗಿಡಗಳೂ ಬೆಳವಣಿಗೆಯಲ್ಲಿರುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯ ತೇವದಿಂದ ಗಾಯ ಒಣಗುವುದು ಕಷ್ಟ. ಕಲಬುರಗಿ, ರಾಯಚೂರುಗಳಂತಹ ಪ್ರದೇಶಗಳಲ್ಲಿ ಬೇಸಗೆಯ ತಾಪ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದರಿಂದ ಬೆಟ್ಟದ ನೆಲದ ಎಖೆವೇರಿಯಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ ಉಸಿರು ಹಿಡಿದುಕೊಂಡಿರುತ್ತವೆ. ಆಗ ಅವುಗಳನ್ನು ಮುಟ್ಟದೆ ನೆರಳಿನಲ್ಲಿಡುವುದೇ ಉಪಕಾರ. ಕೊಳೆ ಹತ್ತಿದ ಗಿಡಕ್ಕೆ ಮಾತ್ರ ಈ ನಿಯಮವಿಲ್ಲ. ಕೊಳೆತ ಭಾಗವನ್ನು ಕಂಡ ದಿನವೇ, ಒಳಗಿನ ತಿರುಳು ಕಲೆಯಿಲ್ಲದೆ ಕಾಣುವವರೆಗೂ ಕತ್ತರಿಸಿ ತೆಗೆಯಬೇಕು.

ಉಪಕರಣಗಳು ಹೆಚ್ಚು ಬೇಡ. ಹರಿತವಾದ ಸಣ್ಣ ಕತ್ತರಿ, ಹೊಸ ಬ್ಲೇಡು, ಚಿಮಟ, ಮೃದುವಾದ ಬಣ್ಣದ ಕುಂಚ, ಸ್ವಲ್ಪ ಸ್ಪಿರಿಟ್, ಹತ್ತಿ ಇವಿಷ್ಟು ಸಾಕು. ಮೊಂಡಾದ ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಗಾಯ ಒಣಗುವುದಿಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಅಲಗನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ರೋಗ ಒಂದು ಕುಂಡದಿಂದ ಮತ್ತೊಂದಕ್ಕೆ ಹೋಗುವುದು ಬಹುಶಃ ನಮ್ಮ ಕತ್ತರಿಯ ಸವಾರಿಯಿಂದಲೇ.

ನಿತ್ಯದ ಓರಣ

ಸವರುವುದು ವರ್ಷಕ್ಕೊಮ್ಮೆ ಮಾಡುವ ಕೆಲಸವಾದರೆ ಓರಣಗೊಳಿಸುವುದು ವಾರದ ಕೆಲಸ. ಎಖೆವೇರಿಯದಂಥ ಗಿಡಗಳಲ್ಲಿ ಬುಡದ ಹಳೆಯ ಎಲೆಗಳು ಒಂದೊಂದಾಗಿ ಬಾಡಿ ಕಾಗದದಂತಾಗುವುದು ಸಹಜ. ಅವು ಪೂರ್ಣ ಒಣಗಿದ ಮೇಲೆ ಚಿಮಟದಿಂದ ಹಿಡಿದು ಮೆಲ್ಲನೆ ಪಕ್ಕಕ್ಕೆ ಎಳೆದು ತೆಗೆಯಬೇಕು. ಅರ್ಧ ಹಸುರಿರುವಾಗ ಕೀಳಬಾರದು. ಆ ಎಲೆಯಲ್ಲಿ ಉಳಿದ ರಸವನ್ನು ಗಿಡ ಹಿಂದಕ್ಕೆ ಪಡೆಯುತ್ತಿರುತ್ತದೆ. ಒಣಗಿದ ಎಲೆಗಳನ್ನು ಬಿಡುವುದೂ ತರವಲ್ಲ. ಅವುಗಳ ಅಡಿಯಲ್ಲಿ ತೇವ ನಿಲ್ಲುತ್ತದೆ, ಕೀಟಗಳು ಮನೆಮಾಡುತ್ತವೆ.

ಅನೇಕ ರಸಸಸ್ಯಗಳ ಎಲೆಗಳ ಮೇಲೆ ವಿಭೂತಿಯನ್ನು ತೆಳುವಾಗಿ ಧರಿಸಿದಂತೆ ಬಿಳಿಯ ಲೇಪವಿರುತ್ತದೆ. ಇದು ಧೂಳಲ್ಲ, ಗಿಡವೇ ಸ್ರವಿಸಿದ ಮೇಣ. ಉರಿಬಿಸಿಲನ್ನು ಹಿಂದಿರುಗಿಸಲು, ನೀರಿನ ನಷ್ಟವನ್ನು ತಡೆಯಲು ಇದು ನೆರವಾಗುತ್ತದೆ. ಬೆರಳಿನಿಂದ ಒರೆಸಿದರೆ ಆ ಎಲೆಯ ಮೇಲೆ ಅದು ಮತ್ತೆ ಪೂರ್ಣವಾಗಿ ಬರುವುದಿಲ್ಲ, ಬೆರಳಿನ ಗುರುತು ಎಲೆ ಬಾಡುವವರೆಗೂ ಉಳಿಯುತ್ತದೆ. ಆದಕಾರಣ ಇಂಥ ಗಿಡಗಳನ್ನು ಬಟ್ಟೆಯಿಂದ ಉಜ್ಜಿ ಹೊಳೆಯಿಸುವ ಉತ್ಸಾಹವನ್ನು ಬಿಡಬೇಕು. ಧೂಳು ಬಿದ್ದಿದ್ದರೆ ಕುಂಚದಿಂದ ಹಗುರವಾಗಿ ತೂರಿದರೆ ಸಾಕು. ಹೊಳಪಿನ ಎಲೆಯ ಕ್ರಾಸುಲವನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಬಹುದು.

ಹೂ ಮುಗಿದ ದಂಟುಗಳನ್ನು ಬುಡದಿಂದ ಒಂದು ಅಂಗುಲ ಮೇಲೆ ಕತ್ತರಿಸಿ, ಉಳಿದ ತುಂಡು ಒಣಗಿದ ಮೇಲೆ ಹಗುರವಾಗಿ ಕಿತ್ತರೆ ಗಾಯವಿಲ್ಲದೆ ಬರುತ್ತದೆ. ಎಖೆವೇರಿಯದ ಹೂದಂಟು ಪಕ್ಕದಿಂದ ಬರುವುದರಿಂದ ಗಿಡಕ್ಕೆ ಹಾನಿಯಿಲ್ಲ. ಸೆಂಪರ್‌ವೈವಮ್ ಎಂಬ ಜಾತಿಯಲ್ಲಿ ಹಾಗಲ್ಲ. ಅಲ್ಲಿ ನಡುವಿನ ಕುಡಿಯೇ ಹೂವಾಗಿ, ಹೂಬಿಟ್ಟ ಸುತ್ತು ಸತ್ತುಹೋಗುತ್ತದೆ, ಸುತ್ತಲಿನ ಮರಿಗಳು ವಂಶವನ್ನು ಮುಂದುವರಿಸುತ್ತವೆ. ಇದು ರೋಗವಲ್ಲ, ಆ ಗಿಡದ ಧರ್ಮ.

ಮೂರು ಬಗೆಯ ಕತ್ತರಿಕೆ

ಮೊದಲನೆಯದು ಕೊಂಬೆಯುಳ್ಳ ಗಿಡಗಳಿಗೆ ಸಂಬಂಧಿಸಿದುದು. ಜೇಡ್ ಗಿಡದ ಕಾಂಡವನ್ನು ಲಕ್ಷ್ಯಗೊಟ್ಟು ನೋಡಿದರೆ ಉಂಗುರದಂತಹ ಗೆರೆಗಳು ಕಾಣುತ್ತವೆ. ಇವು ಹಿಂದೆ ಎಲೆಗಳಿದ್ದ ಗಿಣ್ಣುಗಳು. ಗಿಣ್ಣಿನ ಸ್ವಲ್ಪವೇ ಮೇಲೆ ಕತ್ತರಿಸಿದರೆ ಉಳಿದ ಮೋಟು ಆ ಗಿಣ್ಣಿನವರೆಗೆ ಒಣಗಿ ಉದುರುತ್ತದೆ, ಅಲ್ಲಿಂದ ಸಾಮಾನ್ಯವಾಗಿ ಎರಡು ಹೊಸ ಕುಡಿಗಳು ಎದುರುಬದುರಾಗಿ ಹೊರಡುತ್ತವೆ. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಕಿರುಮರದ ಆಕಾರ ಸಿದ್ಧವಾಗುತ್ತದೆ. ಒಂದೇ ಸಲಕ್ಕೆ ಗಿಡದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮೊದಲು ಒಣಗಿದ ಹಾಗೂ ರೋಗ ಹತ್ತಿದ ಕೊಂಬೆ, ಆಮೇಲೆ ಒಂದಕ್ಕೊಂದು ಉಜ್ಜುವ ಕೊಂಬೆ, ಕಡೆಗೆ ಆಕಾರ ಕೆಡಿಸುವ ಕೊಂಬೆ ಎಂಬ ಅನುಕ್ರಮವನ್ನು ಪಾಲಿಸಿದರೆ ಎಡವುವ ಸಂಭವ ಕಡಿಮೆ.

ಎರಡನೆಯದು ನೀಳವಾದ ಎಖೆವೇರಿಯದ ತಲೆ ತೆಗೆಯುವುದು. ಹೆಸರು ಕಠೋರವಾದರೂ ಕೆಲಸ ಕರುಣೆಯದು. ಬೆಳಕು ಸಾಲದ ಕೋಣೆಯಲ್ಲಿಟ್ಟ ಗಿಡ ಬೆಳಕನ್ನು ಅರಸುತ್ತ ಕತ್ತನ್ನು ಚಾಚುತ್ತದೆ. ಎಲೆಗಳ ನಡುವೆ ಅಂತರ ಹೆಚ್ಚುತ್ತದೆ, ಬಣ್ಣ ಮಾಸುತ್ತದೆ. ಹಾಗೆ ನೀಳವಾದ ಕಾಂಡ ಬಿಸಿಲಿಗೆ ತಂದರೂ ಮತ್ತೆ ಗಿಡ್ಡವಾಗುವುದಿಲ್ಲ. ಆಗ ಮೇಲಿನ ಸುತ್ತನ್ನು 2ರಿಂದ 3 ಸೆಂಟಿಮೀಟರ್ ಕಾಂಡದೊಡನೆ ಕತ್ತರಿಸಿ ತೆಗೆಯಬೇಕು. ಎಲೆಗಳು ದಟ್ಟವಾಗಿದ್ದು ಬ್ಲೇಡು ಹೋಗದಿದ್ದರೆ ಗಟ್ಟಿಯಾದ ತೆಳುವಾದ ದಾರವನ್ನು ಎಲೆಗಳ ನಡುವೆ ಕಾಂಡಕ್ಕೆ ಸುತ್ತಿ ಎರಡು ತುದಿಗಳನ್ನೂ ಎಳೆದರೆ ಕಾಂಡ ನುಣುಪಾಗಿ ತುಂಡಾಗುತ್ತದೆ. ಕೆಳಗಿನ ಮೋಟಿನಲ್ಲಿ ಕೆಲವು ಎಲೆಗಳನ್ನು ಉಳಿಸಿ ಕುಂಡವನ್ನು ಬೆಳಕಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಅದರ ಪಕ್ಕಗಳಿಂದ ಮರಿಗಳು ಮೂಡುತ್ತವೆ. ಒಂದು ಗಿಡ ಹೋಯಿತೆಂದು ಮರುಗಿದವನಿಗೆ ನಾಲ್ಕಾರು ಗಿಡಗಳು ದೊರೆಯುತ್ತವೆ. ಆದರೆ ಬೆಳಕಿನ ಕೊರತೆಯನ್ನು ಸರಿಪಡಿಸದೆ ತಲೆಯನ್ನಷ್ಟೇ ತೆಗೆದರೆ ಹೊಸ ಗಿಡವೂ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಮೂರನೆಯದು ಗುಂಪಾಗಿ ಬೆಳೆಯುವ ಹವೋರ್ತಿಯ, ಕಿರು ಲೋಳೆಸರಗಳ ವಿಭಜನೆ. ಕುಂಡ ತುಂಬಿದಾಗ ಎರಡು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಮಣ್ಣನ್ನು ಉದುರಿಸಿ, ಬೇರುಳ್ಳ ಮರಿಗಳನ್ನು ಬೇರ್ಪಡಿಸಬೇಕು. ಕಪ್ಪಾದ, ಟೊಳ್ಳಾದ ಬೇರುಗಳನ್ನು ಕತ್ತರಿಸಬೇಕು. ಬಿಳಿಯ ದಪ್ಪನೆಯ ಬೇರುಗಳು ಜೀವಂತವಾದವು, ಅವನ್ನು ಉಳಿಸಬೇಕು.

ಕತ್ತರಿ ಮುಟ್ಟಬಾರದ ಕಡೆ

ಎಲ್ಲಿ ಕತ್ತರಿಸಬಾರದೆಂಬುದನ್ನು ಅರಿಯದವನು ಎಲ್ಲಿ ಕತ್ತರಿಸಬೇಕೆಂಬುದನ್ನೂ ಅರಿತಂತಾಗುವುದಿಲ್ಲ. ಲಿಥಾಪ್ಸ್ ಇದಕ್ಕೆ ಒಳ್ಳೆಯ ನಿದರ್ಶನ. 1811ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸಂಚರಿಸುತ್ತಿದ್ದ ವಿಲಿಯಂ ಬರ್ಚೆಲ್ ಎಂಬ ಸಸ್ಯಾನ್ವೇಷಕರು ವಿಚಿತ್ರವಾದ ಕಲ್ಲೆಂದು ನೆಲದಿಂದ ಎತ್ತಿಕೊಂಡದ್ದು ಈ ಗಿಡವನ್ನೇ. ಇದಕ್ಕೆ ಇರುವುದು ಒಂದು ಜೊತೆ ಎಲೆ. ವರ್ಷಕ್ಕೊಮ್ಮೆ ನಡುವಿನ ಸೀಳಿನಿಂದ ಹೊಸ ಜೊತೆ ಮೇಲೆ ಬರುತ್ತದೆ. ಹಳೆಯ ಜೊತೆ ತನ್ನ ನೀರನ್ನೂ ಸತ್ವವನ್ನೂ ಹೊಸದಕ್ಕೆ ಧಾರೆಯೆರೆದು ಸುಕ್ಕುಗಟ್ಟಿ ಸಿಪ್ಪೆಯಾಗುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಹಳೆಯ ಎಲೆಗಳನ್ನು ಮೊದಲೇ ಕಿತ್ತರೆ ಎಳೆಯ ಜೊತೆ ಸೊರಗುತ್ತದೆ. ಆ ಕಾಲದಲ್ಲಿ ನೀರೆರೆದರೂ ತೊಂದರೆಯೇ, ಹಳೆಯ ಎಲೆ ಬಾಡುವುದನ್ನು ಮರೆತು ಹೊಸದನ್ನು ಅದುಮುತ್ತದೆ. ಇಲ್ಲಿ ಕೈಕಟ್ಟಿ ಕಾಯುವುದೇ ಆರೈಕೆ.

ಕಳ್ಳಿಯ ಕುಟುಂಬದ ಯೂಫೋರ್ಬಿಯಗಳನ್ನು ಕತ್ತರಿಸುವಾಗ ಒಸರುವ ಹಾಲಿನ ಬಗ್ಗೆ ನಮ್ಮ ಹಿರಿಯರು ಕೊಟ್ಟ ಎಚ್ಚರಿಕೆ ಇಂದಿಗೂ ಸತ್ಯ. ಅದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ. ಈ ಜಾತಿಯನ್ನು ಮಕ್ಕಳ ಕೈಗೆ ಕೊಡಬಾರದು. ದೊಡ್ಡವರೂ ಕೈಗವಸು ತೊಟ್ಟು ಕೆಲಸ ಮಾಡಬೇಕು. ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಕತ್ತರಿಸಿದ ತರುವಾಯ

ತೆಗೆದ ತುಂಡನ್ನು ನೆರಳಿರುವ, ಗಾಳಿಯಾಡುವ ಸ್ಥಳದಲ್ಲಿ ಕಾಗದದ ಮೇಲೆ 3ರಿಂದ 7 ದಿನ ಹಾಗೆಯೇ ಬಿಡಬೇಕು. ಗಾಯದ ಮೇಲೆ ಗಡಸಾದ ಪೊರೆ ಬೆಳೆದಿರುವುದನ್ನು ಕಂಡ ಮೇಲೆಯೇ ಮಣ್ಣಿಗೆ ಇಡಬೇಕು. ಮಣ್ಣು ಎಂತಹದು? ನಮ್ಮ ಎರೆಮಣ್ಣು ಜೋಳಕ್ಕೆ ಹತ್ತಿಗೆ ಭಾಗ್ಯವೇ ಆದರೂ ಈ ಗಿಡಗಳಿಗೆ ಮೃತ್ಯು, ನೀರನ್ನು ಬಹುಕಾಲ ಹಿಡಿದಿಡುತ್ತದೆ. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಂಗಿಯ ಸಣ್ಣ ಚೂರು ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಸ್ವಲ್ಪ ಕೂಡಿಸಿದರೆ ಸಾಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಅಂದದ ಪಿಂಗಾಣಿ ಬಟ್ಟಲಿನಲ್ಲಿ ಕೊಟ್ಟ ಕಾಣಿಕೆಯನ್ನು ಮೊದಲು ಮಣ್ಣಿನ ಕುಂಡಕ್ಕೆ ಬದಲಿಸುವುದು ಕರ್ತವ್ಯ.

ನೆಟ್ಟ ವಾರ ಹತ್ತು ದಿನಗಳ ಮೇಲೆ ಮೊದಲ ನೀರು. ಅನಂತರವೂ ಮಣ್ಣು ಪೂರ್ಣ ಒಣಗಿದ ಮೇಲೆಯೇ ನೀರು, ಆದರೆ ಕೊಟ್ಟಾಗ ತಳದಿಂದ ಹರಿಯುವಷ್ಟು. ಉದುರಿದ ಅಥವಾ ಬುಡಸಮೇತ ಬಿಡಿಸಿದ ಆರೋಗ್ಯವಂತ ಎಲೆಗಳನ್ನು ಒಣಮಣ್ಣಿನ ಮೇಲೆ ಸುಮ್ಮನೆ ಹರಡಿದರೂ ಎಖೆವೇರಿಯ, ಸೀಡಮ್, ಕ್ರಾಸುಲಗಳಲ್ಲಿ ಕೆಲವು ವಾರಗಳಲ್ಲಿ ಎಳೆಬೇರೂ ಪುಟ್ಟ ಮರಿಯೂ ಮೂಡುತ್ತವೆ. ಎಲೆಯ ಬುಡ ಹರಿದಿದ್ದರೆ ಮರಿ ಬಾರದು. ಕಾಡುಬಸಳೆಯಲ್ಲಿಯಂತೂ ಎಲೆಯ ಅಂಚಿನ ಕಚ್ಚುಗಳಲ್ಲಿಯೇ ಮರಿಗಳು ಹುಟ್ಟುತ್ತವೆ. ಜರ್ಮನಿಯ ಮಹಾಕವಿ ಗಯಟೆ ಈ ಸೋಜಿಗಕ್ಕೆ ಮನಸೋತು ಆ ಮರಿಗಳನ್ನು ಸ್ನೇಹಿತರಿಗೆ ಹಂಚುತ್ತಿದ್ದರು.

ಸಂದುಗಳಲ್ಲಿ ಬಿಳಿಯ ಹತ್ತಿಯಂತೆ ಕಾಣುವುದು ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ತೆಗೆಯಬೇಕು. ವಾರಕ್ಕೊಮ್ಮೆ ಮೂರು ನಾಲ್ಕು ವಾರ ಇದನ್ನು ಪುನರಾವರ್ತಿಸಬೇಕು, ಏಕೆಂದರೆ ಮೊಟ್ಟೆಗಳು ಉಳಿದಿರುತ್ತವೆ. ಅಂತಹ ಕುಂಡವನ್ನು ಬೇರೆಯವುಗಳಿಂದ ದೂರವಿಡಬೇಕು.

ತುಂಡುಗಳ ವಿನಿಯೋಗ

ಸವರಿದ ಮೇಲೆ ಉಳಿಯುವ ತುಂಡುಗಳು ಕಸವಲ್ಲ. ಆದರೆ ಅವನ್ನು ಕಂಡಲ್ಲಿ ಎಸೆಯುವುದೂ ಅಪಾಯ. ಕಾಡುಬಸಳೆಯ ಜಾತಿಯ ಗಿಡಗಳಲ್ಲಿ ಹೃದಯಕ್ಕೆ ತಾಗುವ ವಿಷಾಂಶವಿದ್ದು, ದನಕರುಗಳು ತಿಂದರೆ ಪ್ರಾಣಾಪಾಯವುಂಟು. ಎಸೆದ ತುಂಡು ಬೇರುಬಿಟ್ಟು ಊರನ್ನೇ ಆವರಿಸಬಹುದೆಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. ಬೇಲಿಗೆಂದೂ ಅಂದಕ್ಕೆಂದೂ ಒಯ್ದ ಪಾಪಾಸುಕಳ್ಳಿ 1920ರ ದಶಕದ ಹೊತ್ತಿಗೆ ಅಲ್ಲಿ ಕೋಟಿಗಟ್ಟಲೆ ಎಕರೆ ನೆಲವನ್ನು ಆಕ್ರಮಿಸಿತ್ತು. ಅದನ್ನು ಹತೋಟಿಗೆ ತರಲು ದಕ್ಷಿಣ ಅಮೆರಿಕದಿಂದ ಪತಂಗವೊಂದರ ಹುಳುಗಳನ್ನು ತಂದು 1926ರಿಂದ ಬಿಡಬೇಕಾಯಿತು.

ತುಂಡುಗಳ ನಿಜವಾದ ವಿನಿಯೋಗವೆಂದರೆ ಹಂಚಿಕೆ. ಇದಕ್ಕೆ ಇಂದು ಹೊಸ ಮಹತ್ವವೂ ಬಂದಿದೆ. ಕಿರು ರಸಸಸ್ಯಗಳ ಮೇಲಿನ ಮೋಹ ಜಗತ್ತಿನಾದ್ಯಂತ ಬೆಳೆದಂತೆ, 2019ರಿಂದ ಈಚೆಗೆ ದಕ್ಷಿಣ ಆಫ್ರಿಕದ ಒಣಭೂಮಿಗಳಿಂದ ಕೊನೊಫೈಟಮ್ ಮೊದಲಾದ ಪುಟ್ಟ ಗಿಡಗಳನ್ನು ಕಳ್ಳರು ನೆಲದಿಂದಲೇ ಕಿತ್ತು ಸಾಗಿಸುವುದು ವಿಪರೀತವಾಗಿದೆ. ಅಲ್ಲಿನ ಅಧಿಕಾರಿಗಳು ವಶಪಡಿಸಿಕೊಂಡ ಗಿಡಗಳ ಸಂಖ್ಯೆ ಲಕ್ಷಗಳನ್ನು ಮುಟ್ಟಿದೆ. ಇವುಗಳಲ್ಲಿ ಕೆಲವು ಒಂದೇ ಗುಡ್ಡದ ಮೇಲೆ ಮಾತ್ರ ಬೆಳೆಯುವಂಥವು. ಆ ಗುಡ್ಡ ಬರಿದಾದರೆ ಜಾತಿಯೇ ಅಳಿಯಿತು. ಕುಂಡದಲ್ಲಿ ಹುಟ್ಟಿದ ತುಂಡಿನಿಂದ ಬೆಳೆಸಿದ ಗಿಡ ಯಾವ ಗುಡ್ಡವನ್ನೂ ಬರಿದು ಮಾಡುವುದಿಲ್ಲ. ಕೊಳ್ಳುವವರು ಎಲ್ಲಿ ಬೆಳೆದ ಗಿಡವೆಂದು ವಿಚಾರಿಸುವುದು, ಅದಕ್ಕಿಂತಲೂ ಮೇಲಾಗಿ ಸವರಿದ ತುಂಡನ್ನು ಒಬ್ಬರಿಗೊಬ್ಬರು ಕೊಟ್ಟು ಪಡೆಯುವುದು ಶ್ರೇಯಸ್ಕರ.

ಶಾಲೆಗಳ ಮಟ್ಟಿಗೆ ಇದು ಸುಲಭಸಾಧ್ಯ. ಒಂದು ಚೆನ್ನಾಗಿ ಬೆಳೆದ ಜೇಡ್ ಗಿಡದಿಂದ ಒಂದು ತರಗತಿಗೆ ಸಾಕಾಗುವಷ್ಟು ಕಡ್ಡಿಗಳು ಸಿಗುತ್ತವೆ. ಒಡೆದ ಬೋಗುಣಿ, ಬಳಸಿದ ಡಬ್ಬಿ ಕುಂಡವಾಗಬಲ್ಲವು. ವಿದ್ಯಾರ್ಥಿಯೊಬ್ಬನು ತಾನೇ ಕತ್ತರಿಸಿ, ಒಣಗಿಸಿ, ನೆಟ್ಟು, ಬೇರು ಬಿಟ್ಟ ದಿನವನ್ನು ಬರೆದಿಟ್ಟರೆ ಅವನಿಗೆ ಚೋದಕ, ಗಾಯ ಮಾಗುವಿಕೆ, ದ್ಯುತಿಸಂಶ್ಲೇಷಣೆಗಳ ಪಾಠ ಪುಸ್ತಕದಿಂದ ಕೈಗೆ ಇಳಿಯುತ್ತದೆ. ವಾರಕ್ಕೊಂದು ಸಲ ಅವನೇ ಒಣಗಿದ ಎಲೆಗಳನ್ನು ತೆಗೆದರೆ, ನೋಡಿಕೊಳ್ಳುವುದೆಂದರೆ ಸದಾ ಏನನ್ನಾದರೂ ಕೊಡುತ್ತಿರುವುದಲ್ಲ, ಕೆಲವೊಮ್ಮೆ ತಡೆದಿರುವುದೂ ಹೌದೆಂಬುದನ್ನು ಯಾರೂ ಹೇಳದೆ ಕಲಿಯುತ್ತಾನೆ. ಕೈಯಾರೆ ದುಡಿಯುವ ಕಾಯಕಕ್ಕೂ, ದುಡಿದುದನ್ನು ಹಂಚಿಕೊಳ್ಳುವ ದಾಸೋಹಕ್ಕೂ ಹೆಸರಾದ ಪರಂಪರೆಯ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಇಂತಹ ಅಭ್ಯಾಸ ಹೊರಗಿನಿಂದ ತಂದುದೆನಿಸಲಾರದು.

ಆದುದರಿಂದ ಸಮಾರಂಭಗಳಿಗೆ ಕುಂಡಗಳನ್ನು ಕಾಣಿಕೆಯಾಗಿ ತರುವ ಮಹನೀಯರಲ್ಲಿಯೂ ಅವನ್ನು ಸ್ವೀಕರಿಸುವ ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ಕುಂಡದೊಡನೆ ಆ ಗಿಡದ ಹೆಸರು, ಅದಕ್ಕೆ ಬೇಕಾದ ಬೆಳಕು ಹಾಗೂ ನೀರಿನ ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಸ್ವೀಕರಿಸಿದ ಕುಂಡವನ್ನು ಒಂದು ತರಗತಿಯ ಹೆಸರಿಗೆ ಒಪ್ಪಿಸಬೇಕು. ಅಕ್ಟೋಬರಿನಲ್ಲಿ ಒಂದು ದಿನ ಸವರುವ ಕಾರ್ಯವನ್ನು ಮಕ್ಕಳಿಂದಲೇ ಮಾಡಿಸಿ, ಬೇರು ಬಿಟ್ಟ ಮರಿಗಳನ್ನು ಮುಂದಿನ ತರಗತಿಗೆ ಕೈಯೆತ್ತಿ ಕೊಡಿಸಬೇಕು. ಇಷ್ಟು ನಡೆದರೆ, ಒಮ್ಮೆ ಬಂದ ಕಾಣಿಕೆ ವರ್ಷ ವರ್ಷವೂ ಮತ್ತೆ ಕಾಣಿಕೆಯಾಗಿ ಮುಂದುವರಿಯುವುದರಲ್ಲಿ ಸಂದೇಹವಿಲ್ಲ.